ಮಧುಮೇಹಿಗಳ ಪೊರೆ ಶಸ್ತ್ರಚಿಕಿತ್ಸೆ: ಕಾರ್ನಿಯಾ ಉಳಿಸಿಕೊಂಡ ನನ್ನ ಅನುಭವ

ಮಧುಮೇಹಿಗಳ ಕಣ್ಣಿನ ಮೇಲ್ಮೈಯನ್ನು ಮೂರು ನಾಲ್ಕು ವಾರ ಹದಗೊಳಿಸಿದ ಮೇಲೆಯೇ ಪೊರೆ ತೆಗೆಯುತ್ತೇನೆ ಎಂದಾಗ, ಅಷ್ಟು ದಿನ ಯಾರೂ ಕಾಯುವುದಿಲ್ಲ, ಬೇರೆ ಕಡೆ ಹೋಗುತ್ತಾರೆ ಎಂದು ಸಹೋದ್ಯೋಗಿಗಳು ಎಚ್ಚರಿಸಿದ್ದರು. ಕೆಲವರು ಹೋದದ್ದೂ ನಿಜ. ಆದರೆ ಆರು ವರ್ಷಗಳಲ್ಲಿ ಈ ಕ್ರಮದಿಂದ ಮಾಡಿದ ಸುಮಾರು 400 ಕಣ್ಣುಗಳಲ್ಲಿ ಎಪಿಥೀಲಿಯಂ (ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾದ ಹೊರಪದರ) ಗಾಯ ಮಾಯದೆ ಕಾಡಿದ್ದು ಎರಡರಲ್ಲಿ ಮಾತ್ರ. ಮೊದಲು ಒಂದೇ ವರ್ಷದಲ್ಲಿ ಅಷ್ಟನ್ನು ಕಂಡಿದ್ದೆ.

ನನ್ನ ಕಣ್ಣು ತೆರೆಸಿದವರು ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ಒಬ್ಬ ತಾಯಿ. ಪೊರೆಯನ್ನು ಅಲ್ಟ್ರಾಸೌಂಡ್‌ನಿಂದ ಒಡೆದು ಹೀರುವ ಫೇಕೋ ಸುಸೂತ್ರವಾಗಿ ಮುಗಿದು, ಮರುದಿನ ಕಾರ್ನಿಯಾ ತಿಳಿಯಾಗಿತ್ತು. ರೂಢಿಯಂತೆ ಉರಿಯೂತ ತಗ್ಗಿಸುವ ಕೆಟೊರೊಲ್ಯಾಕ್ ಹನಿಯನ್ನೂ ಸಂರಕ್ಷಕ ಬೆರೆತ ಆಂಟಿಬಯೋಟಿಕ್ ಹನಿಯನ್ನೂ ಬರೆದುಕೊಟ್ಟಿದ್ದೆ. ನೋವೇ ಇಲ್ಲದ್ದರಿಂದ ಅವರು ಹತ್ತನೆಯ ದಿನಕ್ಕೆ ಬಂದರು. ಗಾಯವನ್ನು ಹಸಿರಾಗಿ ತೋರಿಸುವ ಫ್ಲೋರೆಸೀನ್ ಬಣ್ಣ ಹಾಕಿದರೆ ನಡುವೆ ಮೂರು ಮಿಲಿಮೀಟರ್ ಅಗಲದ ಹಸಿರು ಗಾಯ. ಹತ್ತಿಯ ಎಳೆಯನ್ನು ಕಾರ್ನಿಯಾಕ್ಕೆ ತಾಕಿಸಿದೆ, ರೆಪ್ಪೆ ಮಿಟುಕಲಿಲ್ಲ, ಕಾರ್ನಿಯಾದ ಸಂವೇದನೆಯೇ ಸತ್ತಿತ್ತು. ಆ ಪರೀಕ್ಷೆಯನ್ನು ನಾನು ಮೊದಲೇ ಮಾಡಬೇಕಿತ್ತು. ಅವರದೇ ರಕ್ತದಿಂದ ತಯಾರಿಸಿದ ಸೀರಂ ಹನಿಗಳಿಂದ ಆರು ವಾರಕ್ಕೆ ಗಾಯ ಮಾಯಿತಾದರೂ ಮಚ್ಚೆ ಉಳಿಯಿತು. ಆ ಖರ್ಚನ್ನೆಲ್ಲ ನಾನೇ ಭರಿಸಿದೆ.

ಅಂದಿನಿಂದ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ) ಏಳರೊಳಗಿದೆ ಎಂದು ಸಮಾಧಾನಪಡುವುದನ್ನು ಬಿಟ್ಟೆ. ಇಷ್ಟು ವರ್ಷ ಸಕ್ಕರೆಯಿಂದ ಸೋತ ಕಾರ್ನಿಯಾದ ನರ ಎರಡು ತಿಂಗಳ ಪಥ್ಯದಿಂದ ಚೇತರಿಸುವುದಿಲ್ಲ. ಕೋಶಗಳನ್ನು ಎಣಿಸುವ ಸ್ಪೆಕ್ಯುಲರ್ ಸೂಕ್ಷ್ಮದರ್ಶಕದಲ್ಲಿ ಎಂಡೋಥೀಲಿಯಂ (ಕಾರ್ನಿಯಾವನ್ನು ತಿಳಿಯಾಗಿಡುವ ಒಳಪದರ) ಎಣಿಕೆ ಚದರ ಮಿಲಿಮೀಟರಿಗೆ 2400 ಬಂದರೂ, ಜೀವಕೋಶಗಳ ಗಾತ್ರ ಏರುಪೇರಾಗಿ ಷಟ್ಕೋನಗಳು ಕಡಿಮೆಯಿದ್ದರೆ, ಅದನ್ನು ದುರ್ಬಲ ಕಾರ್ನಿಯಾ ಎಂದೇ ಪರಿಗಣಿಸುತ್ತೇನೆ, ಏಕೆಂದರೆ ಕಳೆದುಹೋದ ಕೋಶ ಮತ್ತೆ ಹುಟ್ಟುವುದಿಲ್ಲ.

ಶಸ್ತ್ರಚಿಕಿತ್ಸೆಯ ವೇಳೆ ಎಂಡೋಥೀಲಿಯಂ ಕಾಪಾಡಲು ಕಣ್ಣೊಳಗೆ ಲೋಳೆಯಂಥ ದ್ರವ (ವಿಸ್ಕೋಎಲಾಸ್ಟಿಕ್) ತುಂಬುತ್ತೇವೆ. ಹಣ ಉಳಿಸಲು ಮೊದಲು ಅದರಲ್ಲಿ ಅಗ್ಗದ ಎಚ್‌ಪಿಎಂಸಿಯನ್ನೇ ಮತ್ತೆ ಮತ್ತೆ ತುಂಬಿ ನೋಡಿದೆ. ಮೆದು ನ್ಯೂಕ್ಲಿಯಸ್‌ಗೆ (ಪೊರೆಯ ನಡುಭಾಗ) ಸಾಕಾಯಿತು. ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ್ದರಲ್ಲಿ ಕಾರ್ನಿಯಾ ಎರಡು ವಾರ ಊದಿಕೊಂಡಿತ್ತು. ಕಾಂಡ್ರಾಯ್ಟಿನ್ ಬೆರೆತ ವಿಸ್ಕೋಎಲಾಸ್ಟಿಕ್‌ಗೆ ಅದರ ಹತ್ತು ಪಟ್ಟಿಗೂ ಹೆಚ್ಚು ಬೆಲೆ, ಪ್ಯಾಕೇಜ್ ದರದಲ್ಲಿ ಅದು ಹೊಂದುವುದಿಲ್ಲ. ಆದ್ದರಿಂದ ಗಟ್ಟಿಯಾದವಕ್ಕೆ ಮಾತ್ರ ಬಳಸುತ್ತೇನೆ. ತೀರಾ ಗಟ್ಟಿಯಿದ್ದರೆ ಫೇಕೋ ಬಿಟ್ಟು ಸಣ್ಣ ಗಾಯದ ಕೈಶಸ್ತ್ರಚಿಕಿತ್ಸೆಗೆ ಹೋಗುತ್ತೇನೆ. ಅಲ್ಲಿ ನ್ಯೂಕ್ಲಿಯಸ್ ಎಂಡೋಥೀಲಿಯಂಗೆ ಉಜ್ಜದಂತೆ ವೆಕ್ಟಿಸ್ (ನ್ಯೂಕ್ಲಿಯಸ್ ಹೊರತೆಗೆಯುವ ಸಾಧನ) ತಿರುಗಿಸುವ ನನ್ನ ರೀತಿಯನ್ನು ಬರೆದು ತಿಳಿಸಲಾರೆ, ಪಕ್ಕದಲ್ಲಿ ನಿಂತು ನೋಡಿದವರಿಗೆ ತೋರಿಸುತ್ತೇನೆ. ಸಹಾಯಕರು ಕಾರ್ನಿಯಾದ ಮೇಲೆ ನೀರು ಚಿಮ್ಮಿಸುತ್ತಲೇ ಇರುವ ಅಭ್ಯಾಸವನ್ನೂ ನಿಲ್ಲಿಸಿ, ಎಚ್‌ಪಿಎಂಸಿಯ ತೆಳುಪದರ ಹರಡುತ್ತೇನೆ. ಒಂದು ಬೇಸಿಗೆಯಲ್ಲಿ ಮೂವತ್ತು ಕಣ್ಣುಗಳಿಗೆ, ಶಸ್ತ್ರಚಿಕಿತ್ಸೆಯ ವೇಳೆ ಕಣ್ಣೊಳಗೆ ಹರಿಸುವ ರಿಂಗರ್ ದ್ರವವನ್ನು ತಣ್ಣಗೆ ಮಾಡಿ ಹರಿಸಿದ್ದೆ. ನನಗೆ ವ್ಯತ್ಯಾಸ ಕಾಣಲಿಲ್ಲ, ಕೈಬಿಟ್ಟೆ.

ನಿಜವಾದ ಇಕ್ಕಟ್ಟು ಹನಿಗಳದು. ಮ್ಯಾಕ್ಯುಲಾ (ಅಕ್ಷಿಪಟಲದ ನಡುಭಾಗ) ಊತ ತಡೆಯಲು ಕೆಟೊರೊಲ್ಯಾಕ್‌ನಂಥ ಎನ್‌ಎಸ್‌ಎಐಡಿ (ಸ್ಟಿರಾಯ್ಡ್ ಅಲ್ಲದ ಉರಿಯೂತ ನಿವಾರಕ) ಹನಿ ಬೇಕು, ಸಂವೇದನೆ ಸತ್ತ ಕಾರ್ನಿಯಾವನ್ನು ಅದೇ ಕರಗಿಸಬಲ್ಲದು. ರೆಟಿನೋಪಥಿ (ಮಧುಮೇಹದಿಂದ ಅಕ್ಷಿಪಟಲಕ್ಕೆ ಆದ ಹಾನಿ) ಇದ್ದವರಿಗೆ ಮಾತ್ರ ಕೊಟ್ಟು, ಮೂರು ಮತ್ತು ಏಳನೆಯ ದಿನ ಫ್ಲೋರೆಸೀನ್ ಹಾಕಿ ನೋಡುತ್ತೇನೆ. ಉಳಿದವರಿಗೆ ಸ್ಟಿರಾಯ್ಡ್ ಅಷ್ಟೇ. ಸಂರಕ್ಷಕವಿಲ್ಲದ ಹನಿಗಳನ್ನು ಒಟ್ಟಾಗಿ ತರಿಸಿ ಕೊಂಡ ಬೆಲೆಗೇ ಕೊಡುತ್ತೇನೆ.

ಆ ತಾಯಿ ಮೂರು ವರ್ಷದ ನಂತರ ಇನ್ನೊಂದು ಕಣ್ಣಿಗೆ ನನ್ನ ಬಳಿಯೇ ಬಂದರು, ನಾಲ್ಕು ವಾರ ಕಾದರು. ಏಳನೆಯ ದಿನ ಹಸಿರು ಎಲ್ಲಿಯೂ ಹಿಡಿಯಲಿಲ್ಲ. ಹತ್ತಿಯ ಎಳೆ ತಾಕಿದ್ದು ಅವರಿಗೆ ಈಗಲೂ ತಿಳಿಯುವುದಿಲ್ಲ. ಆದ್ದರಿಂದ ನೋವಿಲ್ಲದಿದ್ದರೂ ಎರಡು ತಿಂಗಳಿಗೊಮ್ಮೆ ಬರಲು ಹೇಳಿದ್ದೇನೆ.