ವಿಡಿಯೋ ಇಂಟರ್‌ವ್ಯೂಗೆ ನಾನು ತಯಾರಾದ ಬಗೆ: ಮೊದಲು ದನಿ, ಆಮೇಲೆ ಮುಖ

ವಿಡಿಯೋ ಇಂಟರ್‌ವ್ಯೂ ಅಂದ ಕೂಡಲೇ ಹಿಂದಿನ ಗೋಡೆ ಹೇಗೆ ಕಾಣುತ್ತದೆ, ಯಾವ ಶರ್ಟ್ ಹಾಕಲಿ ಅನ್ನುವ ಚಿಂತೆ ಶುರುವಾಗುತ್ತದೆ. ನಾನು ಅದನ್ನೆಲ್ಲ ಕೊನೆಗೆ ಇಟ್ಟುಕೊಂಡೆ. ಮೊದಲು ನೋಡಿದ್ದು ದನಿಯನ್ನು. ಚಿತ್ರ ಸ್ವಲ್ಪ ಮಸುಕಾದರೂ ಮಾತುಕತೆ ನಡೆಯುತ್ತದೆ. ಆದರೆ ಮಾತು ತುಂಡುತುಂಡಾಗಿ ಕೇಳಿದರೆ? ಎದುರಿನವರು ಒಂದೆರಡು ಸಲ 'ಏನಂದಿರಿ' ಅಂತಾರೆ. ಆಮೇಲೆ ಸುಮ್ನೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಒಳ್ಳೆಯ ಉತ್ತರ ಅಲ್ಲೇ ಹಾಳು.

ಹಾಗಾಗಿ ಹಿಂದಿನ ದಿನ ಅದೇ ಲ್ಯಾಪ್‌ಟಾಪ್, ಅದೇ ಕುರ್ಚಿ, ಅದೇ ಆ್ಯಪ್ ಇಟ್ಟುಕೊಂಡು ಸ್ನೇಹಿತರೊಬ್ಬರಿಗೆ ಕಾಲ್ ಮಾಡಿದೆ. ಅವರ ಕಡೆಯಿಂದಲೇ ರೆಕಾರ್ಡ್ ಮಾಡಲು ಹೇಳಿದೆ. ನಮ್ಮ ಮೈಕ್ ಹೇಗಿದೆ ಅನ್ನುವುದು ಆ ಕಡೆ ಕೂತವರಿಗೆ ಮಾತ್ರ ಗೊತ್ತಾಗುತ್ತದೆ ಅಲ್ವಾ. ನನ್ನ ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿಯೇ ಕೇಳುತ್ತದೆ. ಆದರೆ ಮೈಕ್ ಆನ್ ಆದರೆ ದನಿ ಡಬ್ಬಿಯೊಳಗಿಂದ ಬಂದ ಹಾಗಾಗುತ್ತಿತ್ತು. ಕಾರಣ ಸರಳ. ಮೈಕ್ ಬಳಸುವಾಗ ಇಂಥ ಎಷ್ಟೋ ಹೆಡ್‌ಸೆಟ್‌ಗಳು ಹಾಡಿನ ಮೋಡ್ ಬಿಟ್ಟು ಫೋನ್ ಕರೆಯ ಮೋಡ್‌ಗೆ ಹೋಗುತ್ತವೆ, ಅಲ್ಲಿ ದನಿಯ ಗುಣಮಟ್ಟ ಇಳಿಯುತ್ತದೆ. ವೈರ್ ಇರುವ ಸಾದಾ ಇಯರ್‌ಫೋನ್ ಹಾಕಿದಾಗ ಸರಿಹೋಯಿತು. ಅದರ ಮೈಕ್ ಕಾಲರ್‌ಗೆ ಉಜ್ಜಿ ಕರಕರ ಅನ್ನದ ಹಾಗೆ ಕ್ಲಿಪ್ ಹಾಕಿಕೊಂಡೆ. ಖಾಲಿ ಕೋಣೆಯಲ್ಲಿ ದನಿ ಗುಂಯ್ ಅನ್ನುತ್ತದೆ. ಅದಕ್ಕೇ ಪರದೆ, ಹಾಸಿಗೆ ಇರುವ ಕೋಣೆಯಲ್ಲಿ ಕೂತೆ.

ಇನ್ನು ನೆಟ್. ಸ್ಪೀಡ್ ಟೆಸ್ಟ್ ಮಾಡಿದರೆ ಎಲ್ಲರೂ ನೋಡುವುದು ಡೌನ್‌ಲೋಡ್ ಅಂಕಿಯನ್ನು. ನಮ್ಮ ಮುಖ, ದನಿ ಆಚೆ ಹೋಗುವುದು ಅಪ್‌ಲೋಡ್‌ನಲ್ಲಿ. ಇಬ್ಬರ ನಡುವಿನ 720ಪಿ ವಿಡಿಯೋಗೆ ಜೂಮ್ ಕೇಳುವುದು ಸುಮಾರು 1.2 ಎಂಬಿಪಿಎಸ್ ಅಷ್ಟೇ. ಅಂದರೆ ವೇಗಕ್ಕಿಂತ ಜಾಸ್ತಿ ಕಾಡುವುದು ಕನೆಕ್ಷನ್ನಿನ ಏರಿಳಿತ. ರೂಟರ್‌ನಿಂದ ನೇರವಾಗಿ ಲ್ಯಾನ್ ಕೇಬಲ್ ಎಳೆದುಕೊಂಡೆ. ಬ್ಯಾಕಪ್ ಸಿಂಕ್, ಅಪ್‌ಡೇಟ್ ಎಲ್ಲ ನಿಲ್ಲಿಸಿದೆ.

ನೆಟ್ ಚೆನ್ನಾಗಿದ್ದರೂ ಮಾತು ತಲುಪಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್‌ ಒಳಗೆ ತಲುಪಿದರೆ ಮಾತುಕತೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ ಅನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಅದು ದಾಟುತ್ತಾ ಹೋದ ಹಾಗೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, 'ಹೇಳಿ ಹೇಳಿ', 'ಇಲ್ಲ, ನೀವೇ ಹೇಳಿ' ಶುರು. ನನ್ನ ಪ್ರಕಾರ ತಯಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಬಾಳಿದ್ದು ಇದಕ್ಕೆ ಮಾಡಿದ ಅಭ್ಯಾಸ. ಪ್ರಶ್ನೆ ಮುಗಿದ ಮೇಲೆ ಒಂದು ಉಸಿರು ತೆಗೆದುಕೊಂಡು ಉತ್ತರ ಶುರು ಮಾಡುವುದು. ಮೊದಲ ವಾಕ್ಯದಲ್ಲೇ ಉತ್ತರ ಹೇಳಿ, ಆಮೇಲೆ ಒಂದು ಉದಾಹರಣೆ: ಏನಾಗಿತ್ತು, ನನ್ನ ಪಾಲಿಗೆ ಬಂದ ಕೆಲಸ ಏನು, ಏನು ಮಾಡಿದೆ, ಏನಾಯಿತು. ಅಲ್ಲಿಗೆ ನಿಲ್ಲಿಸಿ 'ಇನ್ನೂ ವಿವರ ಬೇಕಾ?' ಅಂತ ಕೇಳುವುದು. ಎದುರುಬದುರು ಕೂತಾಗ ಅವರ ಮುಖ ನೋಡಿಯೇ ಸಾಕು ಅನ್ನುವುದು ತಿಳಿಯುತ್ತದೆ. ಇಲ್ಲಿ ಅವರು ಮ್ಯೂಟ್‌ನಲ್ಲಿ ಇರುತ್ತಾರೆ, 'ಹ್ಞೂಂ' ಕೂಡ ಕೇಳಿಸುವುದಿಲ್ಲ. ಆ ಮೌನಕ್ಕೆ ಗಾಬರಿಯಾಗಿ ನಾವು ಮಾತಾಡುತ್ತಲೇ ಹೋಗುತ್ತೇವೆ.

ಚೀಟಿ ಇಟ್ಟುಕೊಂಡೆನಾ? ಇಟ್ಟುಕೊಂಡೆ. ಆದರೆ ವಾಕ್ಯ ಬರೆಯಲಿಲ್ಲ, ಬರೀ ನಾಲ್ಕಾರು ಪದ, ಕ್ಯಾಮೆರಾದ ಪಕ್ಕಕ್ಕೇ ಅಂಟಿಸಿದ್ದೆ. ವಾಕ್ಯ ಬರೆದರೆ ಕಣ್ಣು ಸಾಲಿನ ಮೇಲೆ ಓಡುತ್ತದೆ, ಓದುತ್ತಿದ್ದೇವೆ ಅಂತ ಆ ಕಡೆ ಎದ್ದು ಕಾಣುತ್ತದೆ.

ಮುಖದ ವಿಷಯಕ್ಕೆ ಬಂದರೆ, ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತಂದೆ. ಮೀಟಿಂಗ್ ವಿಂಡೋ ಚಿಕ್ಕದು ಮಾಡಿ ಕ್ಯಾಮೆರಾದ ಕೆಳಗೇ ಎಳೆದಿಟ್ಟೆ. ನನ್ನದೇ ಮುಖ ನನಗೆ ಕಾಣದ ಹಾಗೆ ಸೆಲ್ಫ್ ವ್ಯೂ ಮರೆಮಾಡಿದೆ. ಇಲ್ಲದಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಬೆಳಕು ಮುಂದಿನಿಂದ ಬರಲಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಗಾಗುತ್ತದೆ. ವರ್ಚುವಲ್ ಬ್ಯಾಕ್‌ಗ್ರೌಂಡ್ ನನಗೆ ಇಷ್ಟವಿಲ್ಲ, ಕೈ ಎತ್ತಿದರೆ ಬೆರಳೇ ಮಾಯವಾಗುತ್ತವೆ.

ಸ್ಕ್ರೀನ್ ಶೇರ್ ಇರುತ್ತದೆ ಅಂತ ಮೊದಲೇ ಹೇಳಿದ್ದರು. ಮ್ಯಾಕ್‌ನಲ್ಲಿ ಇದಕ್ಕೆ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಬೇಕು. ಕೊಟ್ಟ ಮೇಲೆ ಆ್ಯಪ್ ಮುಚ್ಚಿ ತೆರೆಯಬೇಕಾಗಬಹುದು. ಇಂಟರ್‌ವ್ಯೂ ನಡುವೆ ಇದೆಲ್ಲ ಬೇಡ ಅಂತ ಹಿಂದಿನ ದಿನವೇ ಒಮ್ಮೆ ಶೇರ್ ಮಾಡಿ ನೋಡಿದ್ದೆ. ನೋಟಿಫಿಕೇಶನ್ ಎಲ್ಲ ಆಫ್.

ನೆಟ್ ಹೋದರೆ ಅಂತ ಫೋನ್ ಪೂರ್ತಿ ಚಾರ್ಜ್ ಮಾಡಿ, ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪನ್ನು ಒಮ್ಮೆ ಕನೆಕ್ಟ್ ಮಾಡಿ ಇಟ್ಟಿದ್ದೆ. ಎಚ್‌ಆರ್ ಹತ್ತಿರ ಫೋನ್ ನಂಬರ್ ಕೇಳಿಟ್ಟುಕೊಂಡಿದ್ದೆ. ಕೇಳಲು ಸಂಕೋಚ ಬೇಡ, ಅವರೂ ಖುಷಿಯಿಂದಲೇ ಕೊಡುತ್ತಾರೆ. ನಿಜಕ್ಕೂ ಮಧ್ಯದಲ್ಲಿ ಲೈನ್ ಕಟ್ ಆಯಿತು. ಹಾಟ್‌ಸ್ಪಾಟ್ ಹಾಕಿ ಮತ್ತೆ ಒಳಗೆ ಬಂದೆ. ಉದ್ದುದ್ದ ಕ್ಷಮೆ ಕೇಳಲಿಲ್ಲ. 'ನನ್ನ ಮಾತು ಎಲ್ಲಿಯವರೆಗೆ ಕೇಳಿಸಿತು?' ಅಂತ ಕೇಳಿ, ಅಲ್ಲಿಂದಲೇ ಮುಂದುವರಿಸಿದೆ.