ಗಾಲ್ಫ್ ಬಾಲ್ ಆರಿಸಬೇಕೇ? ಗ್ರೀನ್‌ನಿಂದ ಶುರು ಮಾಡಿ

ಬಾಲ್ ಕೊಳ್ಳಲು ಹೋದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವುದು ಜಾಸ್ತಿ ದೂರ ಹೋಗುತ್ತದೆ? ನಾನೂ ಹಲವು ವರ್ಷ ಅದನ್ನೇ ಕೇಳಿದೆ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಸಾಮಾನ್ಯವಾದ ಪಾರ್ 72 (ಅಂದರೆ 72 ಹೊಡೆತಗಳಲ್ಲಿ ಮುಗಿಸಬೇಕಾದ) ಕೋರ್ಸ್‌ನಲ್ಲಿ ದೂರ ಹೊಡೆಯುವ ಡ್ರೈವರ್ ಹಿಡಿಯುವುದು ಹೆಚ್ಚೆಂದರೆ 14 ಸಲ. ಬಾಲನ್ನು ಕುಳಿಗೆ ಉರುಳಿಸುವ ಪಟ್ಟರ್ ಹಿಡಿಯುವುದು 30ಕ್ಕೂ ಜಾಸ್ತಿ ಸಲ. ಅದಕ್ಕೆ ಚಿಪ್, ಪಿಚ್ ಎಂಬ ಹತ್ತಿರದ ಸಣ್ಣ ಹೊಡೆತಗಳನ್ನೆಲ್ಲ ಸೇರಿಸಿದರೆ, ನಮ್ಮಂಥ ವಾರಾಂತ್ಯದ ಆಟಗಾರರ ಅರ್ಧಕ್ಕರ್ಧ ಹೊಡೆತ ಗ್ರೀನ್ ಮೇಲೆ (ಕುಳಿ ಇರುವ ನುಣ್ಣನೆ ಹುಲ್ಲಿನ ಜಾಗ) ಮತ್ತು ಅದರ ಸುತ್ತಮುತ್ತಲೇ ಆಗಿಹೋಗುತ್ತದೆ. ಹಾಗಾಗಿ ಬಾಲ್ ಪರೀಕ್ಷೆಯನ್ನು ಗ್ರೀನ್‌ನಲ್ಲಿ ಶುರು ಮಾಡಿ, ಮೊದಲ ಹೊಡೆತ ಹೊಡೆಯುವ ಟೀ ಕಡೆಗೆ ಹಿಂದೆ ಹಿಂದೆ ಬನ್ನಿ.

ಮೊದಲು ಕೈಯಲ್ಲಿರುವ ವಸ್ತು ಏನೆಂದು ತಿಳಿದುಕೊಳ್ಳೋಣ. ನಿಯಮದ ಪ್ರಕಾರ ಬಾಲ್‌ನ ತೂಕ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರುವಂತಿಲ್ಲ. ಹಾಗಾಗಿ ಹೊರಗಿನಿಂದ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಒಳಗಿನ ಪದರಗಳಲ್ಲಿ ಮತ್ತು ಹೊರಗಿನ ಸಿಪ್ಪೆಯಲ್ಲಿ. ಒಂದು ತಿರುಳು, ಒಂದು ಸಿಪ್ಪೆ ಮಾತ್ರ ಇರುವ ಅಗ್ಗದ ಟೂ-ಪೀಸ್ ಬಾಲ್‌ಗಳಿಗೆ ಅಯೊನೊಮರ್ ಎಂಬ ಗಟ್ಟಿ ಪ್ಲಾಸ್ಟಿಕ್ ಸಿಪ್ಪೆ. ಬೇಗ ಗೀರು ಬೀಳುವುದಿಲ್ಲ, ಬಾಳಿಕೆ ಬರುತ್ತದೆ. ಟೈಟ್ಲಿಸ್ಟ್ ಪ್ರೊ ವಿ1, ಟೇಲರ್‌ಮೇಡ್ ಟಿಪಿ5 ತರಹದ, ವೃತ್ತಿಪರರು ಆಡುವ ಟೂರ್ ಬಾಲ್‌ಗಳದ್ದು ಯುರೇಥೇನ್ ಸಿಪ್ಪೆ. ಅದು ಮೆತ್ತಗಿರುವುದರಿಂದ ವೆಜ್‌ನ (ಗ್ರೀನ್ ಹತ್ತಿರ ಬಳಸುವ ಕೋಲು) ಮುಖದ ಗೀರುಗಳು ಅದನ್ನು ಚೆನ್ನಾಗಿ ಹಿಡಿಯುತ್ತವೆ, ಸ್ಪಿನ್, ಅಂದರೆ ತಿರುಗುವಿಕೆ, ಜಾಸ್ತಿಯಾಗಿ ಬಾಲ್ ಬೇಗ ನಿಲ್ಲುತ್ತದೆ. ಬೆಲೆಯೂ ಅಷ್ಟೇ ಜಾಸ್ತಿ.

ಇಲ್ಲೇ ತುಂಬಾ ಜನ ಎಡವುತ್ತಾರೆ. ಡಬ್ಬಿ ಮೇಲೆ ‘ಸಾಫ್ಟ್’ ಎಂದು ಇದ್ದ ಮಾತ್ರಕ್ಕೆ ಬಾಲ್ ಗ್ರೀನ್ ಮೇಲೆ ಬೇಗ ನಿಲ್ಲುತ್ತದೆ ಅಂತಲ್ಲ. ಆ ಸಾಫ್ಟ್ ಎಂಬುದು ಸಾಮಾನ್ಯವಾಗಿ ಕಂಪ್ರೆಷನ್ ಬಗ್ಗೆ, ಅಂದರೆ ಹೊಡೆದಾಗ ಇಡೀ ಬಾಲ್ ಎಷ್ಟು ಅಮುಕಿಕೊಳ್ಳುತ್ತದೆ ಎಂಬುದರ ಬಗ್ಗೆ. ಕ್ಯಾಲವೇ ಸೂಪರ್‌ಸಾಫ್ಟ್‌ನ ಕಂಪ್ರೆಷನ್ ಸುಮಾರು 40, ಪ್ರೊ ವಿ1ನದ್ದು ಸುಮಾರು 90. ಆದರೂ ವೆಜ್‌ನಲ್ಲಿ ಹೊಡೆದಾಗ ಜಾಸ್ತಿ ಕಚ್ಚುವುದು ಪ್ರೊ ವಿ1. ಗ್ರೀನ್ ಹತ್ತಿರ ಮುಖ್ಯವಾಗುವುದು ಸಿಪ್ಪೆ. ಕಂಪ್ರೆಷನ್ ಅನ್ನು ನಿಮ್ಮ ಕೈಗೆ, ಕಿವಿಗೆ ಹಿತವಾಗುವಂತೆ ಆರಿಸಿಕೊಂಡರೆ ಸಾಕು.

ಚುಕ್ಕೆ ಇಟ್ಟು ಪರೀಕ್ಷೆ

ಡಜನ್‌ಗಟ್ಟಲೆ ಕೊಳ್ಳಬೇಡಿ. ಮೂರು ಬಾಲ್‌ಗಳ ಸ್ಲೀವ್ ಸಿಗುತ್ತದಲ್ವಾ, ಅಂಥ ಮೂರು ಸ್ಲೀವ್ ತನ್ನಿ: ಒಂದು ಟೂ-ಪೀಸ್, ಒಂದು ಟೂರ್ ಬಾಲ್, ಇನ್ನೊಂದು ಸ್ರಿಕ್ಸಾನ್ ಕ್ಯೂ-ಸ್ಟಾರ್ ಟೂರ್ ಥರದ ಮಧ್ಯಮ ಬೆಲೆಯ ಯುರೇಥೇನ್ ಬಾಲ್. ಎಲ್ಲವೂ ಹೊಸದಾಗಿರಲಿ. ಕೆರೆಯಿಂದ ತೆಗೆದು ತೊಳೆದು ಮಾರುವ ಬಾಲ್ ಆಟಕ್ಕೆ ಸರಿ, ಹೋಲಿಕೆಗೆ ಬೇಡ. ಅದು ನೀರಿನಲ್ಲಿ ಎಷ್ಟು ದಿನ ಇತ್ತೋ ಯಾರಿಗೆ ಗೊತ್ತು?

ಈಗ ಜೊತೆಗಾರರಿಗೋ ಕ್ಯಾಡಿಗೋ ಒಂದು ಮಾರ್ಕರ್ ಕೊಟ್ಟು, ಬ್ರ್ಯಾಂಡ್ ಹೆಸರು ಮುಚ್ಚುವಂತೆ ಮಸಿ ಬಳಿದು, ಒಂದೊಂದು ಬಗೆಗೆ ಒಂದು, ಎರಡು, ಮೂರು ಚುಕ್ಕೆ ಇಡಲು ಹೇಳಿ. ಯಾವ ಚುಕ್ಕೆ ಯಾವುದು ಎಂದು ನಿಮಗೆ ಗೊತ್ತಾಗಬಾರದು. ದುಬಾರಿ ಬಾಲ್ ಎಂದು ಗೊತ್ತಿದ್ದರೆ ಮನಸ್ಸು ಅದರ ಪರ ವಾಲುತ್ತದೆ.

ಮೊದಲು ಪಟ್. 20 ಅಡಿಯಿಂದ ಒಂದೊಂದು ಬಗೆಯಲ್ಲಿ ಹತ್ತು ಹೊಡೆದು, ಸದ್ದು ಮತ್ತು ವೇಗ ಗಮನಿಸಿ. ಇಲ್ಲಿ ಇಷ್ಟವಾಗದ್ದನ್ನು ಮುಂದೆ ಒಯ್ಯಬೇಡಿ.

ಆಮೇಲೆ ಚಿಪ್. ಇದಕ್ಕೆ ಸಮಯ ಕೊಡಿ. ಗ್ರೀನ್ ಅಂಚಿನಿಂದ ಮೂರು ಹೆಜ್ಜೆ ಒಳಗೆ ಟವೆಲ್ ಹಾಸಿ. ಹತ್ತು-ಹದಿನೈದು ಹೆಜ್ಜೆ ದೂರದಿಂದ ಒಂದೇ ವೆಜ್‌ನಲ್ಲಿ ಅದರ ಪಕ್ಕಕ್ಕೇ ಬೀಳುವಂತೆ ಹೊಡೆಯಿರಿ. ಟವೆಲ್‌ನಿಂದ ದೂರ ಬಿದ್ದವನ್ನೂ ಟವೆಲ್ ಮೇಲೇ ಬಿದ್ದವನ್ನೂ ಲೆಕ್ಕಕ್ಕೆ ತಗೋಬೇಡಿ. ಪಕ್ಕದಲ್ಲಿ ಬಿದ್ದ ಬಾಲ್ ನಿಂತ ಜಾಗದವರೆಗೆ ಹೆಜ್ಜೆ ಎಣಿಸಿ ಬರೆದುಕೊಳ್ಳಿ. ಇಬ್ಬನಿ ಆರಿದ ಮೇಲೆ ಮಾಡಿ. ಒದ್ದೆ ಹುಲ್ಲಿನಲ್ಲಿ ಯಾವ ಬಾಲ್‌ಗೂ ಸರಿಯಾದ ಸ್ಪಿನ್ ಸಿಗುವುದಿಲ್ಲ. ನಾನು ಮಾಡಿದಾಗ ಒಂದು ಚುಕ್ಕೆಯ ಬಾಲ್ ಬಿದ್ದು ಸುಮ್ನೆ ಉರುಳುತ್ತಾ ಹೋಗಿ ಆರೇಳು ಹೆಜ್ಜೆಗೆ ನಿಂತಿತು. ಎರಡು ಚುಕ್ಕೆಯದ್ದು ಒಮ್ಮೆ ಪುಟಿಯಿತು, ಎರಡನೇ ಸಲ ನೆಲ ಮುಟ್ಟಿದಾಗ ಯಾರೋ ಹಿಡಿದು ಎಳೆದಂತೆ ನಿಧಾನವಾಗಿ ನಾಲ್ಕು ಹೆಜ್ಜೆಯೊಳಗೇ ನಿಂತಿತು. ಮೂರು ಹೆಜ್ಜೆ ದೂರದ ಪಟ್‌ಗೂ ಆರು ಹೆಜ್ಜೆಯದ್ದಕ್ಕೂ ಇರುವ ವ್ಯತ್ಯಾಸ ನಿಮಗೇ ಗೊತ್ತು.

ಇದೇ ರೀತಿ 50 ಯಾರ್ಡ್ ಪಿಚ್, ಆಮೇಲೆ ಮಧ್ಯಮ ದೂರಕ್ಕೆ ಬಳಸುವ 7 ಐರನ್ ನೋಡಿ.

ಡ್ರೈವರ್ ಕೊನೆಗೆ

ಡ್ರೈವರ್ ಪರೀಕ್ಷೆಯನ್ನು ಕೋರ್ಸ್ ಖಾಲಿ ಇರುವ ಹೊತ್ತಿನಲ್ಲಿ ಮಾಡಿ. ಅಭ್ಯಾಸದ ರೇಂಜ್‌ನ ಸವೆದ ಬಾಲ್ ಹೊಡೆದು ಏನೂ ತಿಳಿಯುವುದಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಇಲ್ಲಿ ಎಲ್ಲ ಬಾಲ್‌ಗಳೂ ಚೆನ್ನೈಗಿಂತ ಸ್ವಲ್ಪ ದೂರ ಹೋಗುತ್ತವೆ. ಹಾಗಾಗಿ ಒಟ್ಟು ಯಾರ್ಡ್ ಎಷ್ಟೆಂದು ಹಿಗ್ಗಬೇಡಿ, ಒಂದಕ್ಕೊಂದನ್ನು ಹೋಲಿಸಿ. ಆಷಾಢದ ಗಾಳಿಗೆ ಎದುರಾಗಿ ಒಮ್ಮೆಯಾದರೂ ಹೊಡೆಯಿರಿ. ಜಾಸ್ತಿ ಸ್ಪಿನ್ ಆಗುವ ಬಾಲ್ ಮೇಲಕ್ಕೇ ಏರಿ ಅಲ್ಲೇ ನಿಂತು ಕೆಳಗಿಳಿಯುತ್ತದೆ. ಸ್ಲೈಸ್ (ಬಾಲ್ ಪಕ್ಕಕ್ಕೆ ಬಾಗಿ ಹೋಗುವ ಚಾಳಿ) ಇರುವವರಿಗೆ ಕಡಿಮೆ ಸ್ಪಿನ್‌ನ ಟೂ-ಪೀಸ್ ಸ್ವಲ್ಪ ನೇರವಾಗಿ ಹೋಗುವುದೂ ನಿಜ.

ಒಂದು ರೌಂಡ್‌ನಲ್ಲಿ ನಾಲ್ಕೈದು ಬಾಲ್ ಕಳೆದುಕೊಳ್ಳುವವರಾದರೆ ಟೂರ್ ಬಾಲ್ ಬೇಡ. ಅದು ಕೈಗೆಟುಕದ ಆಸೆ ಅಂತಲ್ಲ. ಕಳೆದುಹೋದೀತು ಎಂಬ ಭಯದಲ್ಲಿ ಸ್ವಿಂಗ್ ಬಿಗಿಯಾಗುತ್ತದೆ, ನಾನು ಅದನ್ನು ಅನುಭವಿಸಿದ್ದೇನೆ. ಮಧ್ಯಮ ಬೆಲೆಯ ಯುರೇಥೇನ್ ನಮ್ಮಲ್ಲಿ ಬಹಳ ಜನಕ್ಕೆ ಸರಿಹೋಗುತ್ತದೆ ಎಂದು ನನ್ನ ನಂಬಿಕೆ.

ಹೆಜ್ಜೆಗಳ ಲೆಕ್ಕವೆಲ್ಲ ಮುಗಿದ ಮೇಲೆಯೇ ಚುಕ್ಕೆಗಳ ಗುಟ್ಟು ಕೇಳಿ. ಗೆದ್ದ ಬಾಲ್ ಒಂದು ಡಜನ್ ತಂದು, ಬ್ಯಾಗ್‌ನಲ್ಲಿರುವ ಉಳಿದದ್ದನ್ನೆಲ್ಲ ಹೊರಗಿಡಿ. ಪಟಿಂಗ್ ಅಭ್ಯಾಸವನ್ನೂ ಅದರಲ್ಲೇ ಮಾಡಿ. ಹೊರಗಿಟ್ಟವನ್ನು ಕ್ಲಬ್‌ನಲ್ಲಿ ಆಟ ಕಲಿಯುತ್ತಿರುವ ಮಕ್ಕಳಿಗೆ ಕೊಡಿ, ಚುಕ್ಕೆ ಇದ್ದರೂ ಪರವಾಗಿಲ್ಲ.