ಸಂದರ್ಶನಕ್ಕೆ ಮುಂಚೆ ತಲೆಗೆ ಬಣ್ಣ: ಹತ್ತು ದಿನದ ಲೆಕ್ಕ

ಜೂನ್ ಮೊದಲ ವಾರ. ಮಳೆ ಇನ್ನೂ ಹಿಡಿದಿರಲಿಲ್ಲ. ಮರುದಿನ ಕಾರವಾರದಲ್ಲಿ ಸಂದರ್ಶನ. ಶಿರಸಿಯ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಕನ್ನಡಿ ನೋಡಿಕೊಂಡೆ, ಕಿವಿಯ ಮೇಲಿನ ಬಿಳಿ ಕೂದಲು ಕಂಡು ತಲೆಬಿಸಿಯಾಯಿತು. ಅಂಗಡಿಗೆ ಓಡಿ ಕಪ್ಪು ಡೈ ತಂದು ಬಳಿದುಕೊಂಡೆ. ಬೆಳಿಗ್ಗೆ ಚಾ ಕೊಡುವಾಗ ಆಯಿ ಕೇಳಿದಳು, ‘ಕಿವಿಗೆ ಎಂತ ಮಸಿ ಹಚ್ಕಂಡಿದ್ಯೋ?’ ಉಜ್ಜಿದೆ, ಹೋಗಲಿಲ್ಲ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ಸೆಖೆ ಶುರು. ಅಂಕೋಲಾ ದಾಟುವಾಗ ಕುತ್ತಿಗೆ ಒರೆಸಿಕೊಂಡರೆ ಕರ್ಚೀಫು ಕಂದು, ಬಿಳಿ ಕಾಲರಿಗೂ ಅದೇ ಗತಿ. ಎದುರು ಕೂತ ಮೂವರಲ್ಲಿ ಒಬ್ಬರು ಪ್ರಶ್ನೆ ಕೇಳಿದ್ದು ನನ್ನನ್ನು, ನೋಡಿದ್ದು ಪೂರ್ತಿ ನನ್ನ ಕಿವಿಯನ್ನು.

ಹಾಗಾಗಿ ಬಣ್ಣ ಹಚ್ಚಬೇಕೋ ಬೇಡವೋ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಸಂದರ್ಶನಕ್ಕೆ ಎಷ್ಟು ದಿನ ಉಂಟು?

ಮೊದಲು, ಬೇಕಾ ಅಂತ ನೋಡಿ

ಅಲ್ಲೊಂದು ಇಲ್ಲೊಂದು ಬಿಳಿ ಕೂದಲಿದ್ದರೆ ಸುಮ್ನೆ ಬಿಡಿ. ನೀಟಾಗಿ ಕಟಿಂಗ್ ಮಾಡಿಸಿಕೊಂಡರೆ ಸಾಕು. ಅರ್ಧ ಬಿಳಿ, ಅರ್ಧ ಹಳೆಯ ಡೈ ಉಳಿದು ಮೂರು ಬಣ್ಣವಾಗಿದ್ದರೆ ಮಾತ್ರ ಏನಾದರೂ ಮಾಡಲೇಬೇಕು. ಅದು ವಯಸ್ಸು ತೋರಿಸುವುದಿಲ್ಲ, ಅಸಡ್ಡೆ ತೋರಿಸುತ್ತದೆ.

ಹುಡುಗ ಹುಡುಗಿಯರ ಕಥೆ ಬೇರೆ. ಯಾರದೋ ಮದುವೆಗೆ ಅಂತ ತುದಿಗೆ ಕೆಂಪು, ಹೊಂಬಣ್ಣ ಹಾಕಿಸಿಕೊಂಡಿರುತ್ತಾರೆ. ಕಾಳಿ ಸೇತುವೆ ದಾಟಿ ಗೋವಾದ ಹೋಟೆಲುಗಳಿಗೆ ಕೆಲಸ ಕೇಳಲು ಹೋಗುವವರು ನಮ್ಮಲ್ಲಿ ಜಾಸ್ತಿ. ರಿಸೆಪ್ಷನ್ ಕೆಲಸಕ್ಕೆ ಸಾಮಾನ್ಯವಾಗಿ ಸಹಜ ಬಣ್ಣದ ಕೂದಲನ್ನೇ ಬಯಸುತ್ತಾರೆ. ಬ್ಯಾಂಕು, ಶಾಲೆಯಲ್ಲೂ ಹೆಚ್ಚುಕಡಿಮೆ ಹಾಗೇ. ಬಣ್ಣ ತುದಿಯಲ್ಲಷ್ಟೇ ಇದ್ದರೆ ಎರಡು ಇಂಚು ಕತ್ತರಿಸಿ ಬಿಡಿ. ಮನಸ್ಸು ಬರದಿದ್ದರೆ ತುರುಬು ಕಟ್ಟಿ ತುದಿಯನ್ನು ಒಳಗೆ ಸೇರಿಸಿ. ಬ್ಲೀಚ್ ಮಾಡಿದ ಕೂದಲಿನ ಮೇಲೆ ಮನೆಯಲ್ಲೇ ಕಪ್ಪು ಬಳಿಯಲು ಹೋಗಬೇಡಿ, ಕೆಲವೊಮ್ಮೆ ಹಸಿರು ಛಾಯೆ ಬರುತ್ತದೆ. ಅದನ್ನು ಪಾರ್ಲರಿನವರಿಗೇ ಬಿಡುವುದು ಒಳ್ಳೆಯದು.

ದಿನ ಎಣಿಸಿ

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ತಿಂಗಳ ಮೊದಲೇ ಹಚ್ಚಿದರೆ ಸಂದರ್ಶನದ ದಿನ ಬೈತಲೆಯಲ್ಲಿ ಬಿಳಿ ಗೆರೆ. ಹಿಂದಿನ ದಿನ ಹಚ್ಚಿದರೆ ನನ್ನ ಕಿವಿ. ಏಳರಿಂದ ಹತ್ತು ದಿನ ಮೊದಲು ಸರಿಯಾದ ಹೊತ್ತು. ಎರಡು ಮೂರು ಸಲ ತಲೆಸ್ನಾನ ಆಗಿರುತ್ತದೆ, ಚರ್ಮಕ್ಕೆ ಹತ್ತಿದ ಕಲೆ ಹೋಗಿರುತ್ತದೆ, ಬೂಟ್ ಪಾಲಿಶ್ ತರಹದ ಕಪ್ಪು ಸ್ವಲ್ಪ ಇಳಿದಿರುತ್ತದೆ. ಬಣ್ಣ ಕೆಟ್ಟರೆ ಸರಿಮಾಡಿಸಲೂ ಟೈಮು ಸಿಗುತ್ತದೆ.

ಹಚ್ಚುವ ಎರಡು ದಿನ ಮೊದಲು

ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಲೇಬೇಕು. ಹೆಚ್ಚಿನ ಕಪ್ಪು ಡೈಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರ ಮೈಗೆ ಅದು ಆಗುವುದಿಲ್ಲ. ಪ್ಯಾಕೆಟ್ಟಿನಲ್ಲಿ ಹೇಳಿದಂತೆ ಚೂರು ಡೈಯನ್ನು ಮೊಣಕೈ ಒಳಬದಿಗೋ ಕಿವಿಯ ಹಿಂದೋ ಹಚ್ಚಿ 48 ಗಂಟೆ ಕಾಯಿರಿ. ತುರಿಕೆ, ಕೆಂಪು, ಊತ ಬಂದರೆ ಆ ಡೈ ನಿಮಗಲ್ಲ. ಹೋದ ವರ್ಷ ಏನೂ ಆಗಿಲ್ಲ ಅಂತ ಧೈರ್ಯ ಮಾಡಬೇಡಿ, ಅಲರ್ಜಿ ಯಾವಾಗ ಬೇಕಾದರೂ ಶುರುವಾಗಬಹುದು. ಜಾತ್ರೆಯಲ್ಲಿ ಕೈಗೆ ಕಪ್ಪು ಮೆಹಂದಿ ಹಾಕಿಸಿಕೊಂಡಾಗ ಗುಳ್ಳೆ ಎದ್ದಿತ್ತೇ? ಹಾಗಿದ್ದರೆ ಡೈ ಬೇಡವೇ ಬೇಡ, ಆ ಕಪ್ಪಿಗೂ ಎಷ್ಟೋ ಕಡೆ ಪಿಪಿಡಿಯನ್ನೇ ಸೇರಿಸುತ್ತಾರೆ. ಹಚ್ಚಿದ ಮೇಲೆ ಮುಖ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹಚ್ಚುವ ದಿನ

ಡೈ ಡಬ್ಬಿಯ ಮೇಲೆ ನಂಬರು ಇರುತ್ತದೆ. 1 ಅಂದರೆ ಕಪ್ಪು. ನಂಬರು ಏರಿದಂತೆ ಬಣ್ಣ ತಿಳಿಯಾಗುತ್ತದೆ. ಅಚ್ಚ ಕಪ್ಪು ತಗೋಬೇಡಿ. 3 ಅಥವಾ 4ರ ಗಾಢ ಕಂದು ನಮ್ಮ ಮೈಬಣ್ಣಕ್ಕೆ ಸಹಜವಾಗಿ ಕಾಣುತ್ತದೆ, ಬೇರು ಬೆಳೆದರೂ ಅಷ್ಟು ಎದ್ದು ಕಾಣುವುದಿಲ್ಲ. ಇನ್ನೊಂದು ಕಾರಣವೂ ಉಂಟು. ತಿಳಿ ಬಣ್ಣವನ್ನು ಗಾಢ ಮಾಡುವುದು ಸುಲಭ, ಕಪ್ಪನ್ನು ಇಳಿಸುವುದು ಕಷ್ಟ.

ಹಣೆಯ ಅಂಚು, ಕಿವಿ, ಕುತ್ತಿಗೆಗೆ ವ್ಯಾಸಲೀನನ್ನೋ ತೆಂಗಿನೆಣ್ಣೆಯನ್ನೋ ದಪ್ಪಗೆ ಸವರಿ. ಕೂದಲಿಗೆ ತಾಗಿಸಬೇಡಿ, ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ಅಂದು ನಾನು ಇಷ್ಟು ಮಾಡಿದ್ದರೆ ಸಾಕಿತ್ತು. ಹಳೇ ಬನಿಯನ್ ಹಾಕಿ, ಕೈಗವಸು ತೊಟ್ಟು, ಪ್ಲಾಸ್ಟಿಕ್ ಬಟ್ಟಲಲ್ಲಿ ಕಲಸಿ. ಲೋಹದ ಪಾತ್ರೆ ಬೇಡ. ಬಿಳಿ ಎಲ್ಲಿ ಜಾಸ್ತಿಯೋ ಅಲ್ಲಿಂದ ಶುರು ಮಾಡಿ. ಪ್ಯಾಕೆಟ್ ಹೇಳಿದ ನಿಮಿಷಕ್ಕೆ ತೊಳೆಯಿರಿ, ‘ಇನ್ನೊಂದು ಸ್ವಲ್ಪ ಹಿಡೀಲಿ’ ಅಂತ ಕೂರಬೇಡಿ. ನೀರು ತಿಳಿಯಾಗುವ ತನಕ ತೊಳೆಯಬೇಕು. ಕಾಲರಿಗೆ ಇಳಿದದ್ದು ನಾನು ಆತುರದಲ್ಲಿ ಅರ್ಧಂಬರ್ಧ ತೊಳೆದ ಡೈ.

ಮದರಂಗಿಯವರಿಗೆ

ಕಬ್ಬಿಣದ ಬಾಣಲೆಯಲ್ಲಿ ಚಹಾ ಡಿಕಾಕ್ಷನ್ ಹಾಕಿ ರಾತ್ರಿ ನೆನೆಸಿಟ್ಟ ಮದರಂಗಿ ನಮ್ಮ ಕಡೆ ಹಳೇ ಪದ್ಧತಿ. ಒಳ್ಳೆಯದೇ. ಆದರೆ ಬರೀ ಮದರಂಗಿ ಬಿಳಿ ಕೂದಲಿಗೆ ಕಿತ್ತಳೆ ಬಣ್ಣ ಕೊಡುತ್ತದೆ. ದೂರದಿಂದಲೇ ಗೊತ್ತಾಗುತ್ತದೆ. ಕಂದು, ಕಪ್ಪು ಬೇಕಿದ್ದರೆ ಮದರಂಗಿ ತೊಳೆದ ಮೇಲೆ ನೀಲಿ ಗಿಡದ ಎಲೆಯ ಪುಡಿ, ಅಂಗಡಿಯಲ್ಲಿ ಇಂಡಿಗೋ ಅಂತ ಕೇಳಿದರೆ ಕೊಡುತ್ತಾರೆ, ಅದನ್ನು ಕಲಸಿ ಜಾಸ್ತಿ ಹೊತ್ತು ಇಡದೆ ಹಚ್ಚಬೇಕು. ಮೊದಲಿಗೆ ಸ್ವಲ್ಪ ಹಸಿರು ಮಿಶ್ರಿತವಾಗಿ ಕಂಡರೆ ಹೆದರಬೇಡಿ, ಒಂದೆರಡು ದಿನದಲ್ಲಿ ಗಾಢವಾಗುತ್ತದೆ. ಇದನ್ನು ಸಂದರ್ಶನದ ಹಿಂದಿನ ದಿನ ಮಾಡಬಾರದು ಅನ್ನುವುದೂ ಅದಕ್ಕೇ. ‘ಹರ್ಬಲ್’ ಅಂತ ಬರೆದ ಪ್ಯಾಕೆಟ್ಟಿನ ಹಿಂಬದಿಯನ್ನು ಓದಿ, ಅಲ್ಲೂ ಪಿಪಿಡಿ ಇರಬಹುದು.

ಉಳಿದ ದಿನಗಳು

ಮೊದಲ ಎರಡು ದಿನ ತಲೆಸ್ನಾನ ಬೇಡ. ಆಮೇಲೆ ಬಣ್ಣದ ಕೂದಲಿಗೆ ಅಂತಲೇ ಸಿಗುವ ಶಾಂಪೂ, ತಣ್ಣನೆಯ ಇಲ್ಲವೇ ಉಗುರುಬೆಚ್ಚಗಿನ ನೀರು. ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋದರೆ ಸಮುದ್ರಕ್ಕೆ ತಲೆ ಅದ್ದಬೇಡಿ, ಉಪ್ಪುನೀರಿಗೆ ಬಣ್ಣ ಬೇಗ ಮಾಸುತ್ತದೆ. ದಿಂಬಿಗೆ ಹಳೇ ಬಟ್ಟೆ ಹೊದೆಸಿ, ಇಲ್ಲದಿದ್ದರೆ ಮನೆಯವರಿಂದ ಬೇರೆ ಸಂದರ್ಶನ.

ತಲೆಸ್ನಾನ ಹಿಂದಿನ ಸಂಜೆಯೇ ಮುಗಿಸಿ. ಬೆಳಗಿನ ಬಸ್ಸಿಗೆ ಒದ್ದೆ ತಲೆಯಲ್ಲಿ ಹೊರಟರೆ ಕರಾವಳಿಯ ಹವೆಗೆ ಕೂದಲು ಕೆದರುತ್ತದೆ. ಅಂಗಿಯನ್ನು ಚೀಲದಲ್ಲಿ ಮಡಚಿಟ್ಟು ಕಾರವಾರದಲ್ಲಿ ಇಳಿದ ಮೇಲೆ ಹಾಕಿಕೊಳ್ಳುವುದು ಇನ್ನೂ ಕ್ಷೇಮ. ಬಸ್‌ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಹೋಟೆಲಿಗೆ ನುಗ್ಗಿ ಒಂದು ಚಾ ಹೇಳಿ. ಕೈ ತೊಳೆಯುವಲ್ಲಿ ಕನ್ನಡಿ ಇರುತ್ತದೆ. ಒದ್ದೆ ಕರ್ಚೀಫಿನಿಂದ ಕಿವಿಯ ಹಿಂದೆ ಒಮ್ಮೆ ಒರೆಸಿ ನೋಡಿ. ಕರ್ಚೀಫು ಮಾತ್ರ ಬಿಳಿದೇ ಇರಲಿ, ಬಣ್ಣ ಇಳಿಯುತ್ತಿದ್ದರೆ ಅದರಲ್ಲೇ ಗೊತ್ತಾಗುವುದು.